ಚಿತ್ರ ಕೆಟ್ಟುದೆಲ್ಲಿ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಬರೆ ಎಳೆದವನ ಕೈಯಲ್ಲಿ ಕುಶಲತೆ ಇರಲಿಲ್ಲವೆಂದು ಈ ಗಾದೆ ಹೇಳುವುದಿಲ್ಲ. ಜ್ವರ ಬಂದುದು ಯಾವ ಪ್ರಾಣಿಗೆ ಎಂಬುದನ್ನು ಅವನು ಮೊದಲು ವಿಚಾರಿಸಲಿಲ್ಲ, ಅಷ್ಟೇ. ವಿಡಿಯೊ ಕ್ಯಾಮೆರಾವನ್ನೂ, ಅದು ಹಿಡಿದ ಚಿತ್ರಗಳನ್ನು ಜೋಡಿಸುವ ಸಂಕಲನ ಯಂತ್ರವನ್ನೂ ಸರಿಪಡಿಸಹೊರಟ ಅನೇಕರು ಮಾಡುವುದು ಇದನ್ನೇ.

ಕಲಬುರಗಿ ಜಿಲ್ಲೆಯ ತೆಂಗಳಿಯಲ್ಲಿ ಒಂದು ಮದುವೆ ನಡೆಯುತ್ತಿದೆಯೆಂದು ಊಹಿಸಿಕೊಳ್ಳೋಣ. ವೈಶಾಖದ ಬಿಸಿಲು. ಸಾಲ ಮಾಡಿ ಕ್ಯಾಮೆರಾ ಕೊಂಡ ತರುಣನೊಬ್ಬನು ಅಕ್ಕಿಕಾಳು ಬೀಳುವ ಹೊತ್ತನ್ನು ಚಿತ್ರಿಸಿಕೊಂಡಿದ್ದಾನೆ. ಮರುದಿನ ಕಂಪ್ಯೂಟರಿನಲ್ಲಿ ನೋಡಿದರೆ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಹರಿಯುತ್ತವೆ. ನಡುನಡುವೆ ಚಿತ್ರ ತಡವರಿಸುತ್ತದೆ. ಮಂತ್ರ ಹೇಳುವವರ ತುಟಿ ಅಲುಗಿದ ಮೇಲೆ ಮಂತ್ರ ಕೇಳಿಬರುತ್ತದೆ. ಮದುವೆಯನ್ನು ಇನ್ನೊಮ್ಮೆ ಮಾಡಿಸುವಂತಿಲ್ಲ. ಆ ತರುಣನ ಕೂಲಿಯೂ, ಆ ಮನೆಯವರ ನೆನಪೂ ಬೆರಳಿನ ಉಗುರಿನಷ್ಟಗಲದ ಒಂದು ಕಾರ್ಡಿನಲ್ಲಿ ಕುಳಿತಿವೆ. ಗಾಬರಿಯಲ್ಲಿ ಅವನು ಮಸೂರವನ್ನು ಬಿಚ್ಚಬಹುದು, ಕಾರ್ಡನ್ನು ಫಾರ್ಮ್ಯಾಟ್ ಮಾಡಬಹುದು, ಕಂಪ್ಯೂಟರಿನ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕಬಹುದು. ಈ ಮೂರರಲ್ಲಿ ಎರಡು ನಿರರ್ಥಕ, ಒಂದು ಸರ್ವನಾಶಕ.

ಭೌತವಿಜ್ಞಾನವನ್ನು ಓದಿದವನು ಇಂಥ ಸಂದರ್ಭದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ದೋಷವೇನು?" ಎಂಬುದಲ್ಲ, "ದೋಷವೆಲ್ಲಿ?" ಎಂಬುದು. ಈ ಪ್ರಶ್ನೆಯನ್ನು ಕ್ರಮವಾಗಿ ಕೇಳುವ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯೂ ವಿಡಿಯೊ ಚಿತ್ರವೂ

ವಿದ್ಯುತ್ತಿನಿಂದ ಮೂಡುವ ಚಿತ್ರ ನಮ್ಮ ಸೀಮೆಗೆ ಹೊಸತಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನರು ಕನ್ನಡದ ದೂರದರ್ಶನ ಕಾರ್ಯಕ್ರಮಗಳನ್ನು ನೋಡಿದ್ದರು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ನಡೆದ 'ಸೈಟ್' ಎಂಬ ಪ್ರಯೋಗ ಅದು. ಅಮೆರಿಕದ ಎ.ಟಿ.ಎಸ್.-೬ ಎಂಬ ಉಪಗ್ರಹದ ನೆರವಿನಿಂದ ನಮ್ಮ ಬಾಹ್ಯಾಕಾಶ ಸಂಶೋಧನ ಸಂಸ್ಥೆಯು ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಪಾಠ, ಬೇಸಾಯ, ಆರೋಗ್ಯ ಮೊದಲಾದ ವಿಷಯಗಳನ್ನು ತಲಪಿಸಿತು. ತಂತಿಯ ಜಾಲರಿಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಬೋಗುಣಿಯಾಕಾರದ ಆಂಟೆನಾ ಅಂದಿನ ಹಳ್ಳಿಗಳಲ್ಲಿ ಒಂದು ವಿಸ್ಮಯವಾಗಿತ್ತು. ೧೯೭೭ರಲ್ಲಿ ಗುಲ್ಬರ್ಗಾದಲ್ಲಿಯೇ ದೂರದರ್ಶನ ಕೇಂದ್ರ ಸ್ಥಾಪಿತವಾಯಿತು.

ದುರಸ್ತಿಯ ಪ್ರಶ್ನೆ ಅಂದಿನಿಂದಲೂ ಚಿತ್ರದ ಜೊತೆಗೇ ಬಂದಿದೆ. ತೆಂಗಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಹವೆ ಸೂಕ್ಷ್ಮ ಯಂತ್ರಗಳಿಗೆ ಹಿತಕರವಾದುದಲ್ಲ. ಇಲ್ಲಿ ನೆಲದಡಿಯ ಸುಣ್ಣದ ಕಲ್ಲು ಹಾಸುಗಲ್ಲಾಗಿ, ಸಿಮೆಂಟಾಗಿ ಹೊರಬರುತ್ತದೆ. ಅದರ ಧೂಳು ಗಾಳಿಯಲ್ಲಿರುತ್ತದೆ. ಬೇಸಗೆಯ ಉಷ್ಣತೆ ೪೨ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಸಾಮಾನ್ಯ. ಯಂತ್ರವನ್ನು ತಯಾರಿಸಿದ ಕಂಪನಿಯ ದುರಸ್ತಿ ಕೇಂದ್ರವನ್ನು ಹುಡುಕಿಕೊಂಡು ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಹೋಗುವ ಮೊದಲು, ದೋಷವಿರುವುದು ಕ್ಯಾಮೆರಾದಲ್ಲಿಯೇ ಹೌದೆ ಎಂಬುದನ್ನಾದರೂ ಮನೆಯಲ್ಲಿ ತಿಳಿದುಕೊಂಡರೆ ದಾರಿಯ ಖರ್ಚು ಉಳಿದೀತು.

ರೈಲು ಎಲ್ಲಿ ನಿಂತಿದೆ?

ಬೆಳಕು ಚಿತ್ರವಾಗಿ ನಮ್ಮ ಕಣ್ಣಿಗೆ ಬೀಳುವವರೆಗೆ ಎಂಟು ಠಾಣೆಗಳನ್ನು ದಾಟುತ್ತದೆ. ಮಸೂರ ಬೆಳಕನ್ನು ಕೂಡಿಸುತ್ತದೆ. ಸಂವೇದಿ, ಅಂದರೆ ಸೆನ್ಸರ್, ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಕ್ಯಾಮೆರಾದೊಳಗಿನ ಸಂಸ್ಕಾರಕವು ಆ ವಿದ್ಯುತ್ತನ್ನು ಅಂಕಿಗಳಾಗಿಸಿ ಅಡಕಗೊಳಿಸುತ್ತದೆ. ಕಾರ್ಡು ಆ ಅಂಕಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಡ್ ರೀಡರು ಅವನ್ನು ಹೊರತೆಗೆಯುತ್ತದೆ. ಕಂಪ್ಯೂಟರಿನ ಡಿಸ್ಕು ಅವನ್ನು ಸಂಗ್ರಹಿಸುತ್ತದೆ. ಸಂಕಲನದ ತಂತ್ರಾಂಶವು ಅವನ್ನು ಬಿಡಿಸಿ ಜೋಡಿಸುತ್ತದೆ. ಕೊನೆಗೆ ಪರದೆ ಅವನ್ನು ತೋರಿಸುತ್ತದೆ. ಕಣ್ಣಿಗೆ ಕಾಣುವುದು ಕೊನೆಯ ಠಾಣೆ ಮಾತ್ರ. ದೋಷ ಎಂಟರಲ್ಲಿ ಎಲ್ಲಿಯಾದರೂ ಇರಬಹುದು.

ತಾಂಡೂರಿನ ಕಡೆಯಿಂದ ವಾಡಿಗೆ ಬರಬೇಕಾದ ರೈಲು ಬಾರದಿದ್ದರೆ ವಾಡಿಯ ಠಾಣೆಯವರು ಏನು ಮಾಡಿಯಾರು? ಹಳಿಗುಂಟ ನಡೆದುಕೊಂಡು ಹುಡುಕುವುದಿಲ್ಲ. ನಡುವಿನ ಸೇಡಮ್ಮಿಗೆ ಫೋನು ಮಾಡಿ "ಗಾಡಿ ದಾಟಿತೆ?" ಎಂದು ಕೇಳುತ್ತಾರೆ. ದಾಟಿದ್ದರೆ ಅದು ಸೇಡಂ ಮತ್ತು ವಾಡಿಗಳ ನಡುವೆ ಇದೆ. ಆಗ ಚಿತ್ತಾಪುರವನ್ನು ಕೇಳಬೇಕು. ದಾಟಿಲ್ಲದಿದ್ದರೆ ತಾಂಡೂರು ಮತ್ತು ಸೇಡಂಗಳ ನಡುವೆ ಇದೆ. ಒಂದೊಂದು ಪ್ರಶ್ನೆಗೂ ಹುಡುಕಬೇಕಾದ ದಾರಿ ಸುಮಾರು ಅರ್ಧವಾಗುತ್ತದೆ.

ನಮ್ಮ ಎಂಟು ಠಾಣೆಗಳ ವಿಷಯದಲ್ಲಿಯೂ ಹೀಗೆಯೇ. ನಡುವಿನ ಠಾಣೆಯಾದ ಕಾರ್ಡಿನಲ್ಲಿರುವ ಚಿತ್ರವನ್ನು ಕ್ಯಾಮೆರಾದ ಸ್ವಂತ ಪರದೆಯ ಮೇಲೆಯೇ ನೋಡಬೇಕು. ಅಲ್ಲಿ ಅದು ಸರಿಯಾಗಿ ಕಂಡರೆ ಮೊದಲ ನಾಲ್ಕು ಠಾಣೆಗಳು ನಿರ್ದೋಷಿಗಳು. ಕೆಟ್ಟು ಕಂಡರೆ ಮುಂದಿನ ನಾಲ್ಕನ್ನು ಮುಟ್ಟುವ ಕಾರಣವಿಲ್ಲ. ಉಳಿದ ನಾಲ್ಕನ್ನು ಮತ್ತೆ ಎರಡಾಗಿ ಒಡೆದರೆ ಎರಡು ಉಳಿಯುತ್ತವೆ; ಇನ್ನೊಮ್ಮೆ ಒಡೆದರೆ ಒಂದು. ಎಂಟು ಅಪರಾಧಿಗಳಲ್ಲಿ ಒಬ್ಬನನ್ನು ಹಿಡಿಯಲು ಮೂರೇ ಪರೀಕ್ಷೆಗಳು ಸಾಕು. ಹದಿನಾರಿದ್ದರೆ ನಾಲ್ಕು. ಗಣಿತದಲ್ಲಿ ಲಾಗರಿದಮ್ ಕಲಿತ ವಿದ್ಯಾರ್ಥಿಗೆ ಇದರ ಮರ್ಮ ಹೊಳೆಯದೆ ಇರದು.

ಈ ಹುಡುಕಾಟಕ್ಕೆ ಎರಡು ನಿಯಮಗಳುಂಟು. ಮೊದಲನೆಯದು: ಇರುವುದು ಒಂದೇ ಪ್ರತಿಯಾದರೆ, ಏನನ್ನಾದರೂ ಮಾಡುವ ಮೊದಲು ಅದರ ಎರಡನೆಯ ಪ್ರತಿಯನ್ನು ಮಾಡಿಕೊಳ್ಳಬೇಕು. ಎರಡನೆಯದು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೇಬಲನ್ನೂ ಕಾರ್ಡನ್ನೂ ಒಟ್ಟಿಗೆ ಬದಲಿಸಿದಾಗ ದೋಷ ಹೋದರೆ, ಅದು ಯಾವುದರಿಂದ ಹೋಯಿತೆಂಬುದು ತಿಳಿಯುವುದೇ ಇಲ್ಲ. ಮುಂದಿನ ಮದುವೆಯಲ್ಲಿ ಅದು ಮರಳಿ ಬಂದೀತು.

ಧೂಳಿನ ಲೆಕ್ಕ

ಈಗ ನಮ್ಮ ಸೀಮೆಯ ಹಳೆಯ ಒಡನಾಡಿಯಾದ ಧೂಳಿನಿಂದ ಆರಂಭಿಸೋಣ. ಚಿತ್ರದ ಮೇಲೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದು ಮಸೂರದ ಮೇಲಿನದೊ, ಸಂವೇದಿಯ ಮೇಲಿನದೊ? ಮಸೂರದ ಮುಂಭಾಗದ ಧೂಳು ಚುಕ್ಕೆಯಾಗಿ ಕಾಣುವುದು ಅಪರೂಪ. ಅದು ಬೆಳಕನ್ನು ಚದರಿಸಿ ಚಿತ್ರವನ್ನೆಲ್ಲ ಮಂಕುಗೊಳಿಸುತ್ತದೆ, ಸೂರ್ಯನೆದುರಿನಲ್ಲಂತೂ ಇದು ಸ್ಪಷ್ಟವಾಗಿ ತೋರುತ್ತದೆ. ಕ್ಯಾಮೆರಾ ತಿರುಗಿದರೂ ಚೌಕಟ್ಟಿನ ಅದೇ ಸ್ಥಳದಲ್ಲಿ ನಿಲ್ಲುವ ಚುಕ್ಕೆಯು ಸಂವೇದಿಯ ಮುಂದಿನ ಗಾಜಿನ ಮೇಲಿನ ಧೂಳಿನ ನೆರಳು. ಮಸೂರವನ್ನು ಬದಲಿಸಬಹುದಾದ ಕ್ಯಾಮೆರಾದಲ್ಲಿ ಅದನ್ನು ಬದಲಿಸಿದರೂ ಚುಕ್ಕೆ ಉಳಿದರೆ ಸಂದೇಹವೇ ಬೇಡ.

ಹಗಲು ಬಯಲಿನಲ್ಲಿ ಕಾಣುವ ಈ ಚುಕ್ಕೆ ರಾತ್ರಿ ಮನೆಯೊಳಗೆ ಮಾಯವಾಗುವುದುಂಟು. ಇದರ ಕಾರಣ ಸರಳವಾದ ರೇಖಾಗಣಿತ. ಸಂವೇದಿಯ ಒಂದು ಬಿಂದುವಿಗೆ ಬೆಳಕು ಒಂದು ಶಂಕುವಿನ ಆಕಾರದಲ್ಲಿ ಬಂದು ಸೇರುತ್ತದೆ. ಧೂಳಿನ ಕಣವಿರುವ ಗಾಜು ಸಂವೇದಿಯಿಂದ ೧ ಮಿಲಿಮೀಟರ್ ದೂರದಲ್ಲಿದೆ ಎನ್ನೋಣ. ಮಸೂರದ ಕಿಂಡಿಯನ್ನು ಎಫ್ ೪ಕ್ಕೆ ಇಟ್ಟಾಗ ಆ ಗಾಜಿನ ಮೇಲೆ ಶಂಕುವಿನ ಅಗಲ ಕಾಲು ಮಿಲಿಮೀಟರ್, ಅಂದರೆ ೨೫೦ ಮೈಕ್ರಾನ್. ೫೦ ಮೈಕ್ರಾನ್ ಅಗಲದ ಕಣವು ಅದರಲ್ಲಿ ಇಪ್ಪತ್ತೈದನೆಯ ಒಂದು ಭಾಗವನ್ನಷ್ಟೇ ಮರೆಮಾಡುತ್ತದೆ. ಕಣ್ಣಿಗೆ ಅದು ಸುಲಭವಾಗಿ ಗೋಚರಿಸದು. ಬಿಸಿಲಿನಲ್ಲಿ ಕಿಂಡಿಯನ್ನು ಎಫ್ ೧೬ಕ್ಕೆ ಕಿರಿದುಗೊಳಿಸಿದಾಗ ಶಂಕುವಿನ ಅಗಲ ಸುಮಾರು ೬೨ ಮೈಕ್ರಾನಿಗೆ ಇಳಿಯುತ್ತದೆ. ಈಗ ಅದೇ ಕಣವು ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ತಡೆಯುತ್ತದೆ. ಹೀಗಿರುವುದರಿಂದ ಪರೀಕ್ಷೆ ಸುಲಭ: ಕಿಂಡಿಯನ್ನು ಕಿರಿದು ಮಾಡಿ ಬಿಳಿಯ ಗೋಡೆಯನ್ನು ಚಿತ್ರಿಸಿ ನೋಡಬೇಕು.

ಒರಸುವ ಮೊದಲು ಧೂಳಿನ ಜಾತಿಯನ್ನು ತಿಳಿಯುವುದು ಒಳ್ಳೆಯದು. ಶಹಾಬಾದಿ ಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಗಡಸುತನ ಮೋಸ್ ಮಾನದಲ್ಲಿ ೩. ಗಾಜಿನದು ೫ಕ್ಕಿಂತ ತುಸು ಮೇಲೆ. ರಸ್ತೆಯ ಮರಳಿನಲ್ಲಿರುವ ಬೆಣಚಿನದು ೭. ಸುಣ್ಣಕಲ್ಲಿನ ಹುಡಿ ಗಾಜನ್ನು ಗೀಚಲಾರದಾದರೂ ಅದರ ಜೊತೆ ಬೆರೆತ ಬೆಣಚು ಗೀಚಬಲ್ಲದು. ಸಿಮೆಂಟಿನ ಧೂಳಿಗೆ ಇನ್ನೊಂದು ಗುಣವಿದೆ. ಅದು ತೇವ ತಗಲಿದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕನ್ನಡಕಕ್ಕೆ ಮಾಡುವಂತೆ ಬಾಯಿಯ ಉಸಿರನ್ನು ಊದಿ ಒರಸುವ ಅಭ್ಯಾಸ ವಾಡಿಯಲ್ಲಾಗಲಿ ಶಹಾಬಾದದಲ್ಲಾಗಲಿ ಸಲ್ಲದು. ರಬ್ಬರಿನ ಬುಡ್ಡೆಯಿಂದ ಒಣ ಗಾಳಿಯನ್ನು ಹಾಯಿಸಿ, ಮೃದುವಾದ ಕುಂಚದಿಂದ ಕಣಗಳನ್ನು ಉದುರಿಸಿ, ಆ ಮೇಲೆಯೇ ಮಸೂರಕ್ಕೆ ಬಟ್ಟೆ ಮುಟ್ಟಿಸಬೇಕು. ಮಸೂರ ಬದಲಿಸುವಾಗ ಕ್ಯಾಮೆರಾದ ಬಾಯಿ ಕೆಳಮುಖವಾಗಿರಲಿ.

ಬಿಸಿಲು, ಬೆವರು

ಬೇಸಗೆಯ ಮೆರವಣಿಗೆಯ ನಡುವೆ ಕ್ಯಾಮೆರಾ ತಾನಾಗಿಯೇ ನಿಂತುಬಿಟ್ಟರೆ ಅದು ಕೆಟ್ಟಿತೆಂದು ತಿಳಿಯಬಾರದು. ಬಹುಪಾಲು ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಕೆಯ ಮಿತಿ ೪೦ ಡಿಗ್ರಿ ಎಂದು ಬರೆದಿರುತ್ತದೆ. ನೆಟ್ಟನೆಯ ಬಿಸಿಲು ಚದರ ಮೀಟರಿಗೆ ಸುಮಾರು ೧,೦೦೦ ವಾಟ್ ಶಕ್ತಿಯನ್ನು ಸುರಿಯುತ್ತದೆ. ಕ್ಯಾಮೆರಾದ ಕಪ್ಪು ಮೈಯಲ್ಲಿ ೧೦ ಸೆಂಟಿಮೀಟರಿಗೆ ೧೫ ಸೆಂಟಿಮೀಟರಿನಷ್ಟು ಭಾಗ ಬಿಸಿಲಿಗೆ ಒಡ್ಡಿದ್ದರೆ ಅದು ಹೀರುವುದು ಹತ್ತಿರ ಹತ್ತಿರ ೧೫ ವಾಟ್. ಯಂತ್ರವು ಸ್ವತಃ ಬಳಸಿ ಬಿಸಿಯಾಗುವುದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಎಂದರೆ ಕಾಯಿಸುತ್ತಿರುವುದು ಯಂತ್ರದ ಕೆಲಸಕ್ಕಿಂತಲೂ ಹೆಚ್ಚಾಗಿ ಸೂರ್ಯ. ಒಂದು ಕೊಡೆ ಅಥವಾ ಗಾಳಿಯ ಕಿಂಡಿಗಳನ್ನು ಮುಚ್ಚದಂತೆ ಮೇಲೆ ಹಿಡಿದ ಬಿಳಿಯ ವಸ್ತ್ರ ಇಲ್ಲಿ ಯಾವ ಬಿಡಿಭಾಗಕ್ಕಿಂತಲೂ ಉಪಯುಕ್ತ. ಬಿಸಿಯಾದ ಸಂವೇದಿಯು ಬೆಳಕಿಲ್ಲದಾಗಲೂ ವಿದ್ಯುತ್ತನ್ನು ಸೋರುತ್ತದೆ; ಉಷ್ಣತೆ ೬ರಿಂದ ೮ ಡಿಗ್ರಿ ಏರಿದಾಗಲೆಲ್ಲ ಈ ಸೋರಿಕೆ ಇಮ್ಮಡಿಯಾಗುತ್ತದೆ. ಕಾದ ಕ್ಯಾಮೆರಾದಿಂದ ತೆಗೆದ ಮಬ್ಬುಬೆಳಕಿನ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುವುದು ಇದರಿಂದಲೂ ಇರಬಹುದು.

ಮಸೂರವನ್ನು ಸೂರ್ಯನ ಕಡೆಗೆ ತಿರುಗಿಸಿ ಇಡಬಾರದೆಂಬ ಪಾಠವನ್ನು ಚಂದ್ರನ ಮೇಲೆ ಕಲಿತವರುಂಟು. ೧೯೬೯ರ ನವೆಂಬರ್ ೧೯ರಂದು ಅಪೊಲೊ ೧೨ರ ಯಾತ್ರಿಕ ಅಲನ್ ಬೀನ್ ಬಣ್ಣದ ದೂರದರ್ಶನ ಕ್ಯಾಮೆರಾವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವಾಗ ಅದು ಸೂರ್ಯನತ್ತ ತಿರುಗಿತು. ಮಸೂರ ಕೂಡಿಸಿದ ಬೆಳಕು ಒಳಗಿನ ನಳಿಕೆಯ ಸಂವೇದನಾ ಪದರವನ್ನು ಹಾಳುಮಾಡಿತು. ಚಂದ್ರನ ನೆಲದಿಂದ ಬರುತ್ತಿದ್ದ ನೇರ ಪ್ರಸಾರ ಅಲ್ಲಿಗೇ ನಿಂತಿತು. ಇಂದು ಮದುವೆ, ಜಾತ್ರೆಗಳ ವೇದಿಕೆಯ ಮೇಲೆ ಆಡಿಸುವ ಲೇಸರ್ ಕಿರಣಗಳು ಸಂವೇದಿಗೆ ಇಂಥದೇ ಶತ್ರುಗಳು. ಅವು ತಗಲಿದ ಮೇಲೆ ಚಿತ್ರದಲ್ಲಿ ಉಳಿಯುವ ಗೆರೆಗಳನ್ನು ಯಾವ ಒರಸುವಿಕೆಯೂ ಹೋಗಲಾಡಿಸದು.

ಮಳೆಗಾಲದಲ್ಲಿ ತೊಂದರೆ ಬೇರೆ ಬಗೆಯದು. ಹೊರಗೆ ೩೦ ಡಿಗ್ರಿ ಉಷ್ಣತೆ, ಶೇಕಡಾ ೭೦ ತೇವ ಇದ್ದರೆ ಇಬ್ಬನಿ ಮೂಡುವ ಉಷ್ಣತೆ ಸುಮಾರು ೨೪ ಡಿಗ್ರಿ. ತಂಪು ಮಾಡಿದ ಕಾರಿನಲ್ಲಿ ೨೨ ಡಿಗ್ರಿಗೆ ಇಳಿದ ಕ್ಯಾಮೆರಾವನ್ನು ಹೊರತೆಗೆದ ಕೂಡಲೇ ಅದರ ಮೈಯೆಲ್ಲ ಬೆವರುತ್ತದೆ. ಮಸೂರದ ಒಳಗಡೆ ಮೂಡಿದ ಮಂಜನ್ನು ಒರಸುವಂತಿಲ್ಲ. ಕಾರಿನಲ್ಲಿರುವಾಗಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಹೊರಗೆ ತಂದು, ಅದು ಹೊರಗಿನ ಉಷ್ಣತೆಗೆ ಏರುವವರೆಗೆ ಕಾಯಬೇಕು. ಅಗ ಇಬ್ಬನಿ ಚೀಲದ ಮೇಲೆ ಮೂಡುತ್ತದೆ, ಕ್ಯಾಮೆರಾದ ಮೇಲಲ್ಲ.

ದೀಪಗಳು ಬರೆಯುವ ಪಟ್ಟೆಗಳು

ಚಿತ್ರದ ಮೇಲೆ ಹರಿಯುವ ಅಡ್ಡ ಪಟ್ಟೆಗಳನ್ನು ಕಂಡು ಸಂವೇದಿ ಕೆಟ್ಟಿತೆಂದು ಹೆದರುವವರು ಹಲವರು. ಒಂದು ಕ್ಷಣ ಕ್ಯಾಮೆರಾವನ್ನು ಹಗಲಿನ ಬಯಲಿಗೆ ತಿರುಗಿಸಿ. ಪಟ್ಟೆಗಳು ಮಾಯವಾದರೆ ಅಪರಾಧಿ ದೀಪವೇ ಹೊರತು ಕ್ಯಾಮೆರಾ ಅಲ್ಲ.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳನ್ನು ಮಾಡುತ್ತದೆ. ಒಂದೊಂದು ಆವರ್ತದಲ್ಲಿಯೂ ಪ್ರವಾಹವು ಎರಡು ಸಲ ಉತ್ಕರ್ಷಕ್ಕೆ ಏರುವುದರಿಂದ ಅನೇಕ ದೀಪಗಳು ಸೆಕೆಂಡಿಗೆ ೧೦೦ ಸಲ ಹೊಳೆದು ಕುಂದುತ್ತವೆ. ಕಣ್ಣಿಗೆ ಇದು ತಿಳಿಯದು. ಸೆಕೆಂಡಿಗೆ ೨೫ ಚಿತ್ರಗಳನ್ನು ತೆಗೆಯುವ ಕ್ಯಾಮೆರಾಗೆ ಒಂದು ಚಿತ್ರಕ್ಕೆ ಸರಿಯಾಗಿ ನಾಲ್ಕು ಹೊಳಪುಗಳು. ಎಲ್ಲ ಚಿತ್ರಗಳೂ ಒಂದೇ ತೆರನಾಗಿರುತ್ತವೆ. ಅಮೆರಿಕದ ರೂಢಿಯಂತೆ ೩೦ ಚಿತ್ರಗಳಿಗೆ ಇಟ್ಟರೆ ಲೆಕ್ಕ ತಪ್ಪುತ್ತದೆ: ೧೦೦ರಿಂದ ೯೦ ಕಳೆದರೆ ಉಳಿಯುವ ೧೦ ಸೆಕೆಂಡಿಗೆ ಹತ್ತು ಸಲದ ಮಿಡಿತವಾಗಿ ಕಾಣುತ್ತದೆ. ಶ್ರುತಿ ತುಸು ತಪ್ಪಿದ ಎರಡು ತಂತಿಗಳನ್ನು ಒಟ್ಟಿಗೆ ಮಿಡಿದಾಗ ಕೇಳಿಬರುವ ವಿಸ್ಪಂದದಂತೆಯೇ ಇದೂ. ಪರಿಹಾರವೂ ಇಲ್ಲಿಯೇ ಇದೆ. ೨೫ ಅಥವಾ ೫೦ ಚಿತ್ರಗಳ ಕ್ರಮವನ್ನು ಆರಿಸಿ, ಷಟರನ್ನು ಸೆಕೆಂಡಿನ ೫೦ನೆಯ ಅಥವಾ ೧೦೦ನೆಯ ಒಂದು ಭಾಗಕ್ಕೆ ಇಡಬೇಕು. ಆಗ ಪ್ರತಿಯೊಂದು ಚಿತ್ರದ ಪ್ರತಿಯೊಂದು ಸಾಲೂ ಪೂರ್ಣ ಸಂಖ್ಯೆಯ ಹೊಳಪುಗಳನ್ನು ಪಡೆಯುತ್ತದೆ.

ಇಷ್ಟು ಮಾಡಿಯೂ ನಡುರಾತ್ರಿಯಲ್ಲಿ ಪಟ್ಟೆಗಳು ಮರಳಿ ಬಂದರೆ, ಕರೆಂಟು ಹೋಗಿ ಜನರೇಟರ್ ನಡೆಯುತ್ತಿದೆಯೆ ಎಂದು ನೋಡಿ. ಹೊರೆ ಹೆಚ್ಚಿ ಅದರ ಎಂಜಿನ್ನು ನಿಧಾನವಾದರೆ ಆವರ್ತ ೫೦ರಿಂದ ೪೮ಕ್ಕೆ ಇಳಿದೀತು. ದೀಪಗಳು ೯೬ ಸಲ ಹೊಳೆದಾವು. ೧೦೦ಕ್ಕೂ ೯೬ಕ್ಕೂ ಇರುವ ಅಂತರವಾದ ನಾಲ್ಕು, ಸೆಕೆಂಡಿಗೆ ನಾಲ್ಕು ಸಲ ಸರಿಯುವ ನಸು ಪಟ್ಟೆಯಾಗಿ ಚಿತ್ರದ ಮೇಲೆ ಬರೆಯಲ್ಪಟ್ಟೀತು.

ಕಾರ್ಡಿನ ಒಳಗುಟ್ಟು

ಚಿತ್ರಣವು ಕೆಲವು ಸೆಕೆಂಡು ನಡೆದು ತಾನಾಗಿ ನಿಲ್ಲುತ್ತಿದೆ. ಬಿಸಿಲಿಲ್ಲ, ಬ್ಯಾಟರಿ ತುಂಬಿದೆ. ಆಗ ಒಂದು ಭಾಗಾಕಾರ ಮಾಡಬೇಕು. ಸೆಕೆಂಡಿಗೆ ೧೦೦ ಮೆಗಾಬಿಟ್ ದರದಲ್ಲಿ ಚಿತ್ರಿಸುವ ಕ್ಯಾಮೆರಾ ಕಾರ್ಡಿಗೆ ಕಳಿಸುವುದು, ೮ರಿಂದ ಭಾಗಿಸಿದರೆ, ಸೆಕೆಂಡಿಗೆ ೧೨.೫ ಮೆಗಾಬೈಟ್. ಕಾರ್ಡು ೧೦ನ್ನು ಮಾತ್ರ ನುಂಗಬಲ್ಲುದಾದರೆ ಉಳಿದ ಎರಡೂವರೆ ಕ್ಯಾಮೆರಾದ ತಾತ್ಕಾಲಿಕ ಸ್ಮೃತಿಯಲ್ಲಿ ತುಂಬುತ್ತ ಹೋಗಿ, ಕಟ್ಟೆ ಒಡೆಯುವ ಹೊತ್ತಿಗೆ ಕ್ಯಾಮೆರಾ ನಿಲ್ಲುತ್ತದೆ. ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವೇಗ ಸಾಮಾನ್ಯವಾಗಿ ಓದುವ ವೇಗ. ನಮಗೆ ಬೇಕಾದುದು ಬರೆಯುವ ವೇಗ. 'ವಿ ೩೦' ಎಂಬ ಗುರುತು ಇದ್ದರೆ ಎಡೆಬಿಡದೆ ಸೆಕೆಂಡಿಗೆ ಕನಿಷ್ಠ ೩೦ ಮೆಗಾಬೈಟ್ ಬರೆಯಬಲ್ಲುದೆಂದು ಅರ್ಥ.

ಚಿತ್ರಿಸುತ್ತಿರುವಾಗಲೇ ಬ್ಯಾಟರಿ ಕಳಚಿದರೆ ಕಡತ ತೆರೆಯದೆ ಹೋಗುವುದುಂಟು. ಚಿತ್ರಗಳೆಲ್ಲ ಕಾರ್ಡಿನಲ್ಲಿಯೇ ಇವೆ. ಆದರೆ ಯಾವ ಚಿತ್ರ ಎಲ್ಲಿದೆ ಎಂದು ಹೇಳುವ ಸೂಚಿಯನ್ನು ಅನೇಕ ಕ್ಯಾಮೆರಾಗಳು ಚಿತ್ರಣ ಮುಗಿದ ಮೇಲೆ ಬರೆಯುತ್ತವೆ. ಅದು ಬರೆಯಲ್ಪಟ್ಟಿಲ್ಲ. ಅದೇ ಕ್ಯಾಮೆರಾ ತೆಗೆದ ಇನ್ನೊಂದು ಸರಿಯಾದ ಕಡತವನ್ನು ಮಾದರಿಯಾಗಿಟ್ಟುಕೊಂಡು ಸೂಚಿಯನ್ನು ಮತ್ತೆ ಕಟ್ಟುವ ತಂತ್ರಾಂಶಗಳಿವೆ. ತಪ್ಪಿ ಅಳಿಸಿದ ಕಡತದ ಸ್ಥಿತಿಯೂ ಬಹುಮಟ್ಟಿಗೆ ಇದೇ: ಗ್ರಂಥಾಲಯದ ಪಟ್ಟಿಯಿಂದ ಹೆಸರನ್ನು ಹೊಡೆದುಹಾಕಿದ್ದಾರೆ, ಪುಸ್ತಕ ಕಪಾಟಿನಲ್ಲಿಯೇ ಇದೆ. ಆ ಜಾಗದಲ್ಲಿ ಹೊಸ ಪುಸ್ತಕವನ್ನು ಇಡದಿದ್ದರೆ ಸಾಕು. ಇಂಥ ಕಾರ್ಡನ್ನು ಕೂಡಲೇ ಹೊರತೆಗೆದು, ಅದಕ್ಕೆ ಹೊಸದೇನನ್ನೂ ಬರೆಯದೆ, ಅದರ ಪೂರ್ಣ ಪ್ರತಿಯನ್ನು ತೆಗೆದುಕೊಂಡು ಪ್ರತಿಯ ಮೇಲೆ ಕೆಲಸ ಮಾಡಬೇಕು.

ತುಟಿಯೂ ಮಾತೂ

ಕಡತ ಕ್ಯಾಮೆರಾದಲ್ಲಿ ಸೊಗಸಾಗಿ ಓಡಿ, ಸಂಕಲನದ ಮೇಜಿನ ಮೇಲೆ ತಡವರಿಸಿದರೆ ದೋಷ ದಾರಿಯ ಕೊನೆಯ ಅರ್ಧದಲ್ಲಿದೆ. ೩,೮೪೦ಕ್ಕೆ ೨,೧೬೦ ಬಿಂದುಗಳ ಚಿತ್ರವನ್ನು ಸೆಕೆಂಡಿಗೆ ೨೫ರಂತೆ ಅಡಕಗೊಳಿಸದೆ ಬರೆದರೆ ಸೆಕೆಂಡಿಗೆ ಸುಮಾರು ೬೨೨ ಮೆಗಾಬೈಟ್ ಬೇಕು. ಕ್ಯಾಮೆರಾ ಇದನ್ನು ಐವತ್ತನೆಯ ಒಂದು ಭಾಗಕ್ಕೆ ಇಳಿಸುತ್ತದೆ. ಕೆಲವು ಚಿತ್ರಗಳನ್ನು ಮಾತ್ರ ಪೂರ್ತಿಯಾಗಿ ಬರೆದು, ನಡುವಿನ ಚಿತ್ರಗಳಿಗೆ ಬದಲಾವಣೆಗಳನ್ನಷ್ಟೇ ಬರೆಯುವುದೇ ಇದರ ಉಪಾಯ. ನೇರವಾಗಿ ನೋಡುವಾಗ ಇದರಿಂದ ಬಾಧೆಯಿಲ್ಲ. ಸಂಕಲನಕಾರನು ನಡುವಿನ ಒಂದು ಚಿತ್ರಕ್ಕೆ ಹಾರಿದಾಗಲಾದರೋ ಕಂಪ್ಯೂಟರು ಹಿಂದಿನ ಪೂರ್ಣ ಚಿತ್ರದಿಂದ ಲೆಕ್ಕ ಮಾಡುತ್ತ ಬರಬೇಕು. ಕಡತ ಕೆಟ್ಟಿಲ್ಲ, ಯಂತ್ರ ಬಳಲಿದೆ. 'ಪ್ರಾಕ್ಸಿ' ಎಂದು ಕರೆಯುವ ಹಗುರವಾದ ಕಿರುಪ್ರತಿಯನ್ನು ಮಾಡಿಕೊಂಡು ಅದರ ಮೇಲೆ ಕತ್ತರಿಸಿ ಜೋಡಿಸಿ, ಕೊನೆಗೆ ಮೂಲವನ್ನು ಅದರ ಸ್ಥಳದಲ್ಲಿ ಕೂಡಿಸಿದರೆ ಹಳೆಯ ಕಂಪ್ಯೂಟರೂ ಕೆಲಸ ಮಾಡೀತು.

ತುಟಿಗೂ ಮಾತಿಗೂ ಹೊಂದಿಕೆ ತಪ್ಪುವ ದೋಷವನ್ನು ಹಿಡಿಯಲು ನಮ್ಮ ಪ್ರಯೋಗಶಾಲೆಯ ನಕ್ಷೆಹಾಳೆಯೇ ಸಾಕು. ಆರಂಭದಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ಅಂತರವೆಷ್ಟೆಂದು ಅಳೆದು, ಕಾಲವನ್ನು ಅಡ್ಡಕ್ಕೂ ಅಂತರವನ್ನು ಉದ್ದಕ್ಕೂ ಗುರುತಿಸಬೇಕು.

ಅಡ್ಡಗೆರೆ ಬಂದರೆ ಅಂತರ ಮೊದಲಿನಿಂದ ಕೊನೆಯವರೆಗೆ ಒಂದೇ. ಕ್ಯಾಮೆರಾ ಧ್ವನಿವರ್ಧಕದಿಂದ ೩೪ ಮೀಟರ್ ದೂರದಲ್ಲಿದ್ದರೆ ಶಬ್ದವು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಬರುತ್ತದೆ. ಧ್ವನಿಯನ್ನು ಅಷ್ಟು ಹಿಂದಕ್ಕೆ ಸರಿಸಿದರೆ ಮುಗಿಯಿತು. ಓರೆಗೆರೆ ಬಂದರೆ ಎರಡು ಗಡಿಯಾರಗಳು ಬೇರೆ ಬೇರೆ ವೇಗದಲ್ಲಿ ಓಡುತ್ತಿವೆ. ಕ್ಯಾಮೆರಾ ಮತ್ತು ಬೇರೆ ಧ್ವನಿಗ್ರಾಹಕಗಳ ಒಳಗಿನ ಸ್ಫಟಿಕಗಳು ಹತ್ತು ಲಕ್ಷಕ್ಕೆ ೩೦ರಷ್ಟು ಭಿನ್ನವಾಗಿದ್ದರೂ ಒಂದು ಗಂಟೆಯಲ್ಲಿ ೦.೧೧ ಸೆಕೆಂಡ್, ಎಂದರೆ ಎರಡೂವರೆ ಚಿತ್ರಗಳಿಗಿಂತ ಹೆಚ್ಚು ಅಂತರ ಬೀಳುತ್ತದೆ. ಅಂತರವು ಗಂಟೆಗೆ ೩.೬ ಸೆಕೆಂಡ್ ಆಗಿದ್ದರೆ ೨೯.೯೭ ಚಿತ್ರಗಳ ಕಡತವನ್ನು ಯಾರೋ ೩೦ ಎಂದು ತಿಳಿದಿದ್ದಾರೆ. ಗೆರೆ ಅಂಕುಡೊಂಕಾಗಿದ್ದರೆ ಕಡತ ಬಹುಶಃ ಮೊಬೈಲಿನದು. ಬೆಳಕಿಗೂ ಬಿಸಿಗೂ ತಕ್ಕಂತೆ ಚಿತ್ರಗಳ ದರವನ್ನು ಅದು ಬದಲಿಸುತ್ತ ಹೋಗಿದೆ. ಅದನ್ನು ಮೊದಲು ಸ್ಥಿರ ದರದ ಕಡತವಾಗಿ ಮಾರ್ಪಡಿಸಿಕೊಳ್ಳಬೇಕು. ನೋಡಿ: ಕಣ್ಣಿಗೆ ಒಂದೇ ಬಗೆಯಾಗಿ ಕಂಡ ದೋಷಕ್ಕೆ ಮೂರು ಗೆರೆಗಳು, ಮೂರು ಕಾರಣಗಳು, ಮೂರು ಚಿಕಿತ್ಸೆಗಳು.

ಧ್ವನಿಯಲ್ಲಿ ಜೇನ್ನೊಣದಂಥ ಗುಂಯ್‌ಗುಡುವಿಕೆ ಸೇರಿದ್ದರೆ, ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ಬ್ಯಾಟರಿಯ ಮೇಲೆ ನಡೆಸಿ ನೋಡಬೇಕು. ಸದ್ದು ನಿಂತರೆ, ಮೈಕ್‌ಸೆಟ್ಟಿನ ಮತ್ತು ಚಾರ್ಜರಿನ ಭೂಸಂಪರ್ಕಗಳು ಸೇರಿ ಒಂದು ಸುತ್ತನ್ನು ಕಟ್ಟಿವೆ ಎಂದು ತಿಳಿಯಬಹುದು. ಇದನ್ನು ಬಿಡಿಸಲು ಧ್ವನಿಯ ತಂತಿಯಲ್ಲಿ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರನ್ನು ಸೇರಿಸಬೇಕೇ ಹೊರತು ಪ್ಲಗ್ಗಿನ ಭೂಸಂಪರ್ಕದ ಕಾಲನ್ನು ಎಂದಿಗೂ ಕಳಚಬಾರದು. ಆ ಕಾಲು ಇರುವುದು ಪ್ರಾಣರಕ್ಷಣೆಗೆ.

ಕಪಾಟಿನೊಳಗಿನ ಕ್ಯಾಸೆಟ್ಟುಗಳು

ಈವರೆಗೆ ಹೇಳಿದುದೆಲ್ಲ ಇಂದಿನ ಯಂತ್ರಗಳ ಮಾತು. ಎಷ್ಟೋ ಮನೆಗಳ ಕಪಾಟಿನಲ್ಲಿ ಮೂವತ್ತು ವರ್ಷಗಳ ಹಿಂದಿನ ವಿ.ಎಚ್.ಎಸ್. ಕ್ಯಾಸೆಟ್ಟುಗಳಿವೆ. ಅಜ್ಜನ ನಡಿಗೆ, ಅಜ್ಜಿಯ ಧ್ವನಿ ಬೇರೆಲ್ಲಿಯೂ ಉಳಿದಿರಲಾರವು. ಇವನ್ನು ಓದುವ ಯಂತ್ರಗಳ ತಯಾರಿಕೆಯನ್ನು ಜಪಾನಿನ ಫುನಾಯ್ ಕಂಪನಿಯು ೨೦೧೬ರ ಜುಲೈಯಲ್ಲಿ ನಿಲ್ಲಿಸಿದಲ್ಲಿಗೆ ಆ ಕಾಲ ಮುಗಿಯಿತು. ಉಳಿದಿರುವ ಹಳೆಯ ಯಂತ್ರಗಳನ್ನು ಬಳಕೆಗೆ ತಂದೇ ಇವನ್ನು ಉಳಿಸಬೇಕಾಗಿದೆ.

ಆ ಯಂತ್ರದೊಳಗೆ ೬೨ ಮಿಲಿಮೀಟರ್ ವ್ಯಾಸದ ಉರುಳೆಯೊಂದು ಸೆಕೆಂಡಿಗೆ ೨೫ ಸುತ್ತು ತಿರುಗುತ್ತದೆ. ಅದರ ಅಂಚಿನ ಪುಟ್ಟ ಕಾಂತಶಿರಗಳು ಸೆಕೆಂಡಿಗೆ ಸುಮಾರು ೪.೮ ಮೀಟರ್ ವೇಗದಲ್ಲಿ ಟೇಪನ್ನು ಸವರುತ್ತವೆ. ಚಿತ್ರದ ಆವರ್ತ ಸೆಕೆಂಡಿಗೆ ೪೦ ಲಕ್ಷವೆಂದಿಟ್ಟುಕೊಂಡರೆ ಟೇಪಿನ ಮೇಲೆ ಒಂದು ಅಲೆಯ ಉದ್ದ ೧.೨ ಮೈಕ್ರಾನ್. ಶಿರವು ಟೇಪಿನಿಂದ ಒಂದು ಅಲೆಯುದ್ದದಷ್ಟು ಮೇಲೆದ್ದರೆ ಸಂಕೇತವು ೫೦೦ನೆಯ ಒಂದು ಭಾಗಕ್ಕಿಂತಲೂ ಕೆಳಗೆ ಕುಸಿಯುತ್ತದೆಂದು ಕಾಂತಶಾಸ್ತ್ರದ ಲೆಕ್ಕ ಹೇಳುತ್ತದೆ. ಸಿಮೆಂಟಿನ ಒಂದು ಸಾಮಾನ್ಯ ಕಣದ ಅಗಲ ಇದರ ಹತ್ತು ಪಟ್ಟಾದೀತು! ಕಣ್ಣಿಗೆ ಕಾಣದ ಒಂದು ಕಣ ಶಿರಕ್ಕೆ ಅಂಟಿದರೆ ಪರದೆಯ ಮೇಲೆ ಹಿಮ ಸುರಿಯುವುದರಲ್ಲಿ ಆಶ್ಚರ್ಯವೇನು?

ಇಲ್ಲಿಯೂ ದೋಷದ ಸ್ಥಳವನ್ನು ಹಿಡಿಯುವ ಉಪಾಯವೊಂದಿದೆ. ಸಾಧಾರಣ ವಿ.ಎಚ್.ಎಸ್. ಟೇಪಿನ ಅಂಚಿನಲ್ಲಿರುವ ಧ್ವನಿಯನ್ನು ತಿರುಗದ ಬೇರೊಂದು ಶಿರ ಓದುತ್ತದೆ. ಹಿಮ ಸುರಿಯುತ್ತಿದ್ದರೂ ಧ್ವನಿ ಸ್ಪಷ್ಟವಾಗಿದ್ದರೆ ಮೋಟರೂ ಟೇಪಿನ ಓಟವೂ ಸರಿಯಾಗಿವೆ. ಉರುಳೆಯ ಶಿರಗಳು ಕೊಳೆಯಾಗಿವೆ. ಪ್ಲಗ್ಗನ್ನು ಕಳಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯಿಸಿದ ನಯವಾದ ಚರ್ಮದ ತುಂಡನ್ನು ಉರುಳೆಗೆ ಒತ್ತಿ ಹಿಡಿದು, ಉರುಳೆಯನ್ನು ಕೈಯಿಂದ ಮೆಲ್ಲನೆ ತಿರುಗಿಸಬೇಕು. ಮೇಲಕ್ಕೂ ಕೆಳಕ್ಕೂ ಉಜ್ಜಿದರೆ ಶಿರ ಮುರಿಯುತ್ತದೆ. ಹತ್ತಿಯಾದರೆ ಎಳೆ ಸಿಕ್ಕಿಕೊಳ್ಳುತ್ತದೆ. ಬಿಳಿಯ ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಲೇಬಾರದು. ಬೂಷ್ಟು ಯಂತ್ರಕ್ಕೂ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥವನ್ನು ಬಲ್ಲವರ ಕೈಗೆ ಕೊಡಬೇಕು.

ಒಂದೇ ಪ್ರತಿಯನ್ನು ನಂಬಿದರೆ ಏನಾಗುತ್ತದೆಂಬುದಕ್ಕೆ ದೊಡ್ಡವರ ಉದಾಹರಣೆಯೇ ಇದೆ. ೧೯೬೯ರ ಜುಲೈಯಲ್ಲಿ ಮಾನವನು ಚಂದ್ರನ ಮೇಲೆ ಕಾಲಿಟ್ಟ ಗಳಿಗೆಯ ಮೂಲ ಚಿತ್ರಸಂಕೇತಗಳಿದ್ದ ಟೇಪುಗಳು ಅಳಿಸಲ್ಪಟ್ಟು ಬೇರೆ ಕೆಲಸಕ್ಕೆ ಬಳಕೆಯಾಗಿರಬೇಕೆಂದು ನಾಸಾ ಸಂಸ್ಥೆ ೨೦೦೯ರಲ್ಲಿ ತಿಳಿಸಿತು. ಇಂದು ನಾವು ನೋಡುವುದು ಅಂದು ಪ್ರಸಾರವಾದ ಚಿತ್ರದ ಪ್ರತಿಗಳನ್ನು. ಬೇರೆಡೆ ಪ್ರತಿಗಳು ಇದ್ದುದರಿಂದ ಜಗತ್ತು ಆ ದೃಶ್ಯವನ್ನು ಕಳೆದುಕೊಳ್ಳಲಿಲ್ಲ. ನಮ್ಮ ಮನೆಯ ಕ್ಯಾಸೆಟ್ಟಿಗೆ ಅಂಥ ಎರಡನೆಯ ಪ್ರತಿ ಎಲ್ಲಿದೆ?

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ರಜೆಯಲ್ಲಿ ಮದುವೆಗಳಿಗೆ ಕ್ಯಾಮೆರಾ ಹಿಡಿದು ಹೋಗುವವರಿರಬಹುದು; ಆ ಸಂಪಾದನೆಯಿಂದಲೇ ಕಾಲೇಜಿನ ಶುಲ್ಕ ಕಟ್ಟುವವರೂ ಇರಬಹುದು. ಅವರು ಒಂದು ನೋಟ್‌ಬುಕ್ಕನ್ನು ಇಟ್ಟುಕೊಳ್ಳಲಿ. ಏನು ಕಂಡಿತು, ಎಲ್ಲಿ ಪರೀಕ್ಷಿಸಿದೆ, ಏನನ್ನು ಬದಲಿಸಿದೆ, ಏನಾಯಿತು ಎಂಬ ನಾಲ್ಕು ಕಲಮುಗಳು ಸಾಕು. ಪ್ರಯೋಗಶಾಲೆಯ ಪುಸ್ತಕದಲ್ಲಿ ಬರೆಯುವುದೂ ಇದನ್ನೇ ಅಲ್ಲವೆ? ಓಮನ ನಿಯಮವನ್ನು ಪರೀಕ್ಷೆಗಾಗಿ ಕಲಿತವನು ಅದನ್ನು ಮರೆತಾನು. ಕೆಟ್ಟ ಚಿತ್ರದ ಬೆನ್ನು ಹಿಡಿದು ಠಾಣೆಯಿಂದ ಠಾಣೆಗೆ ಹೋಗಿ ಕಾರಣವನ್ನು ಕಣ್ಣಾರೆ ಕಂಡವನು ಭೌತವಿಜ್ಞಾನವನ್ನು ಮರೆಯಲಾರ.